ಹೊಗೆಪೆಟ್ಟಿಗೆ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯಬೇಕು ಎಂಬುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಾಗಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ ಎಂದು ಅದೇ ಶಾಸ್ತ್ರ ಎಚ್ಚರಿಸುತ್ತದೆ. ಈ ಎರಡು ಪಾಠಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಮಾರುವವರಿದ್ದಾರೆಂದು ನನಗೆ ತಿಳಿದದ್ದು ಕಳೆದ ಬೇಸಗೆಯಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ಮಗಳ ಮನೆಗೆ ಹೋದಾಗ.

ಅಳಿಯ ತರಿಸಿದ ಆ ಯಂತ್ರ ನೋಡುವುದಕ್ಕೆ ಒಂದು ಸಣ್ಣ ಕಬ್ಬಿಣದ ಬೀರು. ತಳದಲ್ಲಿ ವಿದ್ಯುತ್ತಿನಿಂದ ಕಾಯುವ ಸುರುಳಿ. ಅದರ ಮೇಲೆ ಮರದ ಚಕ್ಕೆ ಹಾಕುವ ತಟ್ಟೆ. ಅದಕ್ಕೂ ಮೇಲೆ ನೀರಿನ ಬೋಗುಣಿ. ಆಮೇಲೆ ಮಾಂಸವಿಡುವ ಸರಳುಗಳ ಅಂತಸ್ತು. ನೆತ್ತಿಯಲ್ಲಿ ಹೊಗೆ ಹೋಗಲು ಒಂದು ಕಂಡಿ. ಸುರುಳಿಯೇ ತರ್ಕಶಾಸ್ತ್ರದ ಕಬ್ಬಿಣದ ಗುಂಡು. ಅದರ ಕಾವಿಗೆ ಚಕ್ಕೆ ಉರಿಯದೆ, ಸುಮ್ಮನೆ ಕರಕಾಗುತ್ತ ಹೊಗೆಯಾಡುತ್ತದೆ. ಅಲ್ಲಿಯವರು ಇದನ್ನು ‘ಸ್ಮೋಕರ್’ ಎನ್ನುತ್ತಾರೆ. ಸಿಗರೇಟು ಸೇದುವವನಿಗೂ ಅದೇ ಹೆಸರು.

“ಮಾವ, ನೀವು ಮಲೆನಾಡಿನವರು. ಇದು ನಿಮ್ಮ ಕೈಯಲ್ಲೇ ಇರಲಿ” ಎಂದು ಅಳಿಯ ನನಗೆ ಅಧಿಕಾರ ವಹಿಸಿಕೊಟ್ಟ. ಅದಕ್ಕೆ ಕಾರಣವಿತ್ತು. ಬಯಲುಸೀಮೆಯವರು ಬಾಡು ಎನ್ನುವುದನ್ನು ತೀರ್ಥಹಳ್ಳಿಯ ಕಡೆ ನಾವು ತುಂಡು ಎನ್ನುತ್ತೇವೆ. ನಮ್ಮ ಮನೆಯಲ್ಲಿ ಹಂದಿಯ ತುಂಡಿಗೆ ಉಪ್ಪು ಅರಿಸಿನ ಸವರಿ, ಬಿದಿರಿನ ಸೀಳಿಗೆ ಪೋಣಿಸಿ, ಒಲೆಯ ಮೇಲೆ ತೂಗುಹಾಕುತ್ತಿದ್ದರು. ಹೊರಗೆ ಹಗಲಿರುಳು ಮಳೆ ಹುಯ್ಯುತ್ತಿರುವಾಗ ಬಿಸಿ ಕಡುಬಿನ ಜೊತೆಗೆ ಆ ಸಾರು ಉಂಡವರಿಗೆ ಬೇರೆ ವಿವರಣೆ ಬೇಕಿಲ್ಲ. ಉಣ್ಣದವರಿಗೆ ವಿವರಿಸಿ ಪ್ರಯೋಜನವಿಲ್ಲ.

ಹೊಸ ದೋಸೆಕಾವಲಿಯನ್ನು ಪಳಗಿಸುವಂತೆ ಈ ಪೆಟ್ಟಿಗೆಯನ್ನೂ ಮೊದಲು ಬರಿದೇ ಮೂರು ಗಂಟೆ ಕಾಯಿಸಿ ಪಳಗಿಸಬೇಕು. ಅದಾದ ಮೇಲೆ ಒಂದು ಕೋಳಿಯನ್ನಿಟ್ಟೆವು. ಒಳಗಿನ ಕಾವು 107 ಡಿಗ್ರಿ. ಕೋಳಿಯ ಎದೆಗೆ ಚುಚ್ಚಿದ ಉಷ್ಣಮಾಪಕ 74 ಡಿಗ್ರಿ ತೋರಿಸಿದಾಗ ಹೊರಗೆ ತೆಗೆದೆವು. ಮಾಂಸ ಮೆತ್ತಗೆ, ರಸವತ್ತಾಗಿತ್ತು. ಆದರೆ ಅಷ್ಟು ಸಣ್ಣ ಕಾವಿಗೆ ಚರ್ಮ ಗರಿಗರಿಯಾಗುವುದಿಲ್ಲ. “ಅಪ್ಪ, ಇದು ಕೋಳಿಯೋ, ಸೈಕಲ್ಲಿನ ಟ್ಯೂಬೋ?” ಎಂದು ಮಗಳು ಕೇಳಿದಳು.

ಎರಡನೆಯ ಸಲ ಹಂದಿಯ ಭುಜದ ತುಂಡು, ಮೂರೂವರೆ ಕಿಲೋ. ಬೆಳಗಿನ ಐದು ಗಂಟೆಗೆ ಇಟ್ಟೆವು. ಮಧ್ಯಾಹ್ನದವರೆಗೆ ಉಷ್ಣಮಾಪಕ ಸರಾಗವಾಗಿ ಏರಿತು. 68 ಡಿಗ್ರಿಗೆ ಬಂದು ನಿಂತುಬಿಟ್ಟಿತು. ಒಂದು ಗಂಟೆಯಾಯಿತು, ಮೂರು ಗಂಟೆಯಾಯಿತು, ಅಲುಗಲಿಲ್ಲ. ಯಂತ್ರ ಕೆಟ್ಟಿತೆಂದು ಅಳಿಯ ಕಂಗಾಲಾದ. ಕೆಟ್ಟಿರಲಿಲ್ಲ. ಬೇಸಗೆಯಲ್ಲಿ ಮಣ್ಣಿನ ಹೂಜಿ ಬೆವರಿ ನೀರನ್ನು ತಂಪು ಮಾಡುವುದಿಲ್ಲವೆ? ಮಾಂಸವೂ ಹಾಗೆಯೇ ಬೆವರುತ್ತದೆ. ಪೆಟ್ಟಿಗೆ ಕೊಟ್ಟ ಕಾವನ್ನೆಲ್ಲ ಆರಿಹೋಗುವ ನೀರು ಕೊಂಡೊಯ್ಯುತ್ತದೆ. ಬೆವರು ತೀರಿದ ಮೇಲೆ ಕಾವು ಮತ್ತೆ ಏರುತ್ತದೆ. ಅಷ್ಟು ಹೊತ್ತಿನಲ್ಲಿ ಒಳಗಿನ ಗಟ್ಟಿ ನಾರು ಕರಗಿ ಲೋಳೆಯಾಗುತ್ತದೆ. ರಾತ್ರಿ ಎಂಟಕ್ಕೆ, 95 ಡಿಗ್ರಿಯಲ್ಲಿ, ಮೂಳೆ ಹಿಡಿದೆಳೆದರೆ ಬೆಣ್ಣೆಯಿಂದ ಬಂದಂತೆ ಈಚೆಗೆ ಬಂತು.

ನೆರೆಮನೆಯವರನ್ನು ಊಟಕ್ಕೆ ಕರೆದಿದ್ದೆವು. ಅದು ಹಂದಿಮಾಂಸವನ್ನು ಹೊಗೆಯಲ್ಲಿ ಬೇಯಿಸುವುದಕ್ಕೆ ಹೆಸರಾದ ಸೀಮೆ. ಪೂರ್ವದವರು ಅದಕ್ಕೆ ಬರಿಯ ವಿನಿಗರ್ ಹಾಕಬೇಕೆಂದೂ, ಲೆಕ್ಸಿಂಗ್‌ಟನ್ ಕಡೆಯವರು ಟೊಮೇಟೊ ಸೇರಿಸಬೇಕೆಂದೂ ವಾದಿಸುತ್ತಾರೆ. ನಮ್ಮಲ್ಲಿ ಸಾರಿಗೆ ಬೆಲ್ಲ ಹಾಕಬೇಕೆ ಬೇಡವೆ ಎಂಬಷ್ಟೇ ಗಂಭೀರವಾದ ವಿವಾದ. ನೆರೆಯವರು ತಮ್ಮ ಹಿತ್ತಿಲ ಇಟ್ಟಿಗೆಯ ಒಲೆಯಲ್ಲಿ ರಾತ್ರಿಯೆಲ್ಲ ಹಿಕರಿ ಸೌದೆ ಉರಿಸಿ ಕಾಯುವವರು. ಒಂದು ಹೋಳು ಕೊಯ್ದು, “ನೋಡಿ, ಅಂಚಿನಲ್ಲಿ ಕೆಂಪು ಬಳೆ ಮೂಡಿಲ್ಲ” ಎಂದರು. ಸೌದೆ ಉರಿಯುವಾಗ ಹುಟ್ಟುವ ಅನಿಲಗಳು ಮಾಂಸದ ಕೆಂಪನ್ನು ಹಿಡಿದು ನಿಲ್ಲಿಸುವುದರಿಂದ ಬರುವ ಬಳೆ ಅದು. ಕರಕಾಗುವ ನಾಲ್ಕು ಹಿಡಿ ಚಕ್ಕೆಯಿಂದ ಅಷ್ಟು ಅನಿಲ ಹುಟ್ಟುವುದಿಲ್ಲ. ಬಳೆಗೆ ರುಚಿಯಿಲ್ಲ, ಬಣ್ಣವಷ್ಟೆ. ಆದರೂ ಅವರ ಆಕ್ಷೇಪಣೆಯಲ್ಲಿ ಸತ್ಯವಿತ್ತು. ಹದಿನಾರಾಣೆ ರುಚಿಯಲ್ಲ ಇದು, ಹದಿನಾಲ್ಕಾಣೆ ಎಂದು ನನ್ನ ನಾಲಿಗೆಯೂ ಹೇಳುತ್ತಿತ್ತು. ಉಳಿದ ಎರಡಾಣೆ ನಮ್ಮ ಅಜ್ಜಿಯ ಒಲೆಯಲ್ಲಿತ್ತು.

ಆ ಎರಡಾಣೆಯನ್ನು ಹುಡುಕುತ್ತ ಯಂತ್ರದ ಜೊತೆಗೆ ಬಂದ ಪುಸ್ತಿಕೆಯನ್ನು ಓದಲು ಕುಳಿತೆ. ಮೊದಲ ಪುಟದಲ್ಲೇ ದಪ್ಪಕ್ಷರದ ಎಚ್ಚರಿಕೆ: ಇದನ್ನು ಮನೆಯ ಹೊರಗೆ ಮಾತ್ರ ಉಪಯೋಗಿಸಬೇಕು, ಮುಚ್ಚಿದ ಜಾಗದಲ್ಲಿ ಇದರ ಹೊಗೆ ಪ್ರಾಣಾಪಾಯಕರ.

ನಾಲ್ಕು ಹಿಡಿ ಚಕ್ಕೆಯ ಹೊಗೆಗೆ ಈ ಎಚ್ಚರಿಕೆ! ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ, ಹಸಿ ಸೌದೆಯ ಮುಂದೆ ನಮ್ಮ ಅಜ್ಜಿ ನಲವತ್ತು ಮಳೆಗಾಲ ಕುಳಿತಿದ್ದಳು. ಐವತ್ತಕ್ಕೇ ಕೆಮ್ಮು ಹತ್ತಿತು. ಆಸ್ಪತ್ರೆಯಲ್ಲಿ ವೈದ್ಯರು, “ಬೀಡಿ ಸೇದುವ ಅಭ್ಯಾಸ ಉಂಟೇನಮ್ಮ?” ಎಂದು ಕೇಳಿದಾಗ, “ನಾನು ಸೇದಲಿಲ್ಲ ಸ್ವಾಮಿ, ಒಲೆಯೇ ಸೇದಿಸಿತು” ಎಂದಳಂತೆ. ಮನೆಮಂದಿ ಆ ಮಾತನ್ನು ಬಹಳ ದಿನ ಹೇಳಿಕೊಂಡು ನಕ್ಕರು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರವಿದ್ಯೆಗಾಗಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಅಲ್ಲಿ ರೂಪುಗೊಂಡ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆ 1980ರ ದಶಕದಲ್ಲಿ ನಮ್ಮ ಮನೆಗೂ ಬಂತು. ಹೊಗೆ ನೆಟ್ಟಗೆ ಸೂರಿನಾಚೆಗೆ ಹೋಯಿತು. ಅಜ್ಜಿ ಕಣ್ಣೊರಸಿಕೊಳ್ಳದೆ ಅಡಿಗೆ ಮಾಡಿದಳು. ಮಳೆಗಾಲ ಬಂದಾಗ ದೊಡ್ಡಪ್ಪ, “ತುಂಡಿಗೆ ಹೊಗೆಯೇ ಹಿಡಿಯುವುದಿಲ್ಲ, ಇದೆಂಥ ಒಲೆ?” ಎಂದರು. ಹಳೆಯ ಒಲೆ ಮರಳಿ ಬಂತು. ಅಜ್ಜಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ದೊಡ್ಡಪ್ಪನ ಪಕ್ಷವನ್ನೇ ವಹಿಸುತ್ತಿದ್ದಳೇನೋ. ಬಡಿಸುವವಳಿಗೆ ಉಣ್ಣುವವರ ರುಚಿಯೇ ದೊಡ್ಡದು.

ಮನೆಯೊಳಗಿನ ಇಂಥ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಕ್ಷಗಳ ಲೆಕ್ಕ ಮನಸ್ಸಿಗೆ ನಾಟುವುದಿಲ್ಲ. ಒಂದು ಕೆಮ್ಮು ನಾಟುತ್ತದೆ. ಹಳೆಯ ರುಚಿ ಹೋಯಿತಲ್ಲ ಎಂದು ಹಂಬಲಿಸುವವರು ಆ ಎರಡಾಣೆಯನ್ನು ಯಾರ ಎದೆಯಿಂದ ವಸೂಲು ಮಾಡುತ್ತಿದ್ದೆವೆಂದು ಒಮ್ಮೆ ಲೆಕ್ಕ ಹಾಕಬೇಕು.

ಮೂರನೆಯ ಸಲ ಮಾಂಸಕ್ಕೆ ಉಪ್ಪು, ಅರಿಸಿನ, ಕರಿಮೆಣಸು ಸವರಿ ಪೆಟ್ಟಿಗೆಯಲ್ಲಿಟ್ಟೆ. ಮಗಳು ಒಳಗೆ ಅಕ್ಕಿತರಿಯ ಕಡುಬು ಬೇಯಿಸಿದಳು. ಊಟವಾದ ಮೇಲೆ ನೆರೆಯವರು, “ಚೆನ್ನಾಗಿದೆ, ಆದರೆ ಹೊಗೆ ಇನ್ನೊಂದಿಷ್ಟು ಬೇಕಿತ್ತು” ಎಂದರು.

ಇಷ್ಟು ಸಾಕು ಎಂದೆ.