ಬಕ್ಷೀಸು ಮತ್ತು ಬಾಕಿ

ನನ್ನ ಅಣ್ಣನ ಮಗನಿಗೆ ಹೋದ ತಿಂಗಳು ಬಡ್ತಿಯಾಯಿತು. ಬೆಂಗಳೂರಿನ ಒಂದು ಕಂಪನಿಯಲ್ಲಿ ಅವನೀಗ ನಲವತ್ತು ಜನರ ಮೇಲಧಿಕಾರಿ. ಸುದ್ದಿ ಹೇಳಿ ನಮಸ್ಕಾರ ಮಾಡಿಹೋಗಲು ಬಂದವನು, ಕಾಫಿ ಕುಡಿದು ಲೋಟವನ್ನು ಕೆಳಗಿಡುತ್ತ, “ಚಿಕ್ಕಪ್ಪ, ನೀವು ಕೊಡಗಿನ ತೋಟದಲ್ಲಿ ಮೂವತ್ತೈದು ವರ್ಷ ಜನರಿಂದ ಕೆಲಸ ತೆಗೆದವರು. ಅದರ ಗುಟ್ಟೇನು, ನನಗಿಷ್ಟು ಹೇಳಿಕೊಡಿ” ಎಂದ.

ಗುಟ್ಟೇನೂ ಇಲ್ಲ ಎಂದೆ. ಹಿರಿಯರು ಹೀಗೆ ವಿನಯದ ಮಾತಾಡುವುದು ವಾಡಿಕೆ ಎಂದುಕೊಂಡು ಅವನು ಮತ್ತೆ ಕೇಳಿದ. ಅದು ವಿನಯವಲ್ಲ, ನಾಚಿಕೆ. ಈ ವಿದ್ಯೆಯಲ್ಲಿ ನನಗೆ ಬಂದದ್ದು ಒಂದೇ ಪಾಠ. ಅದನ್ನು ನಾನು ಕಲಿತದ್ದು ಗೋಣಿಕೊಪ್ಪಲಿನ ಪೇಟೆಬೀದಿಯಲ್ಲಿ, ಹತ್ತು ಜನರ ಎದುರಿಗೆ, ಸೀರೆ ಉಟ್ಟಿದ್ದ ಒಬ್ಬ ಗಂಡಸಿನಿಂದ ಬೈಸಿಕೊಂಡು. ಬಡ್ತಿಯ ಸಂತೋಷದಲ್ಲಿರುವ ಹುಡುಗನಿಗೆ ಈ ಕಥೆ ಹೇಳುವುದು ಹೇಗೆ?

ನಾನು ಮೈಸೂರಿನವನು. ಬಿ.ಕಾಂ. ಮುಗಿಸಿ, 1979ರಲ್ಲಿ ತಿತಿಮತಿಯ ಕಡೆಯ ಒಂದು ಕಾಫಿ ತೋಟಕ್ಕೆ ರೈಟರಾಗಿ ಹೋದೆ. ರೈಟರೆಂದರೆ ಕಥೆ ಕಾದಂಬರಿ ಬರೆಯುವವನೆಂದು ಪೇಟೆಯ ಓದುಗರು ತಿಳಿಯಬಾರದು. ತೋಟದ ರೈಟರು ಬರೆಯುವುದು ಹಾಜರಿ ಪುಸ್ತಕ, ತೂಕದ ಪುಸ್ತಕ, ಬಟವಾಡೆ ಪುಸ್ತಕ. ಅವುಗಳಲ್ಲಿ ಕಲ್ಪನೆಗೆ ಜಾಗವಿಲ್ಲ. ಇರಬಾರದು, ಎಂದರೆ ಹೆಚ್ಚು ಸರಿ.

ತೋಟದ ಯಜಮಾನರು ಕೊಡವ ಹಿರಿಯರು. ಮಾತು ಕಡಿಮೆ, ಮನಸ್ಸು ದೊಡ್ಡದು. ತೋಟದಲ್ಲಿ ಒಂದು ಭಾಗ ಅರಾಬಿಕಾ, ಉಳಿದದ್ದು ರೊಬಸ್ಟಾ. ಕೆಲಸಕ್ಕೆ ಬರುತ್ತಿದ್ದವರಲ್ಲಿ ಎರವರು, ಜೇನುಕುರುಬರು ಹೆಚ್ಚು. ಕೊಯ್ಲಿನ ಕಾಲಕ್ಕೆ ಮೇಸ್ತ್ರಿಗಳು ಘಟ್ಟದ ಕೆಳಗಿನಿಂದಲೂ ಮೈಸೂರು ಸೀಮೆಯಿಂದಲೂ ಆಳುಗಳನ್ನು ಕರೆತರುತ್ತಿದ್ದರು. ಎಲ್ಲರ ಬಾಯಲ್ಲಿಯೂ ನಾನು ‘ರೈಟರಯ್ಯ’. ಇಪ್ಪತ್ತಮೂರು ವರ್ಷದ ಹುಡುಗನಿಗೆ ಈ ‘ಅಯ್ಯ’ ಎಂಬುದು ತಲೆಗೆ ಏರುವಷ್ಟು ಬೇಗ ಹೆಂಡವೂ ಏರಲಾರದು.

ಕಾಲೇಜಿನಲ್ಲಿ ನಾನು ಟೇಲರ್ ಎಂಬ ಅಮೆರಿಕದ ಇಂಜಿನಿಯರನ ವಿಚಾರ ಓದಿದ್ದೆ. ಕೆಲಸ ಮಾಡಿಸುವುದನ್ನು ಶಾಸ್ತ್ರವನ್ನಾಗಿ ಮಾಡಿದವನೆಂದು ಅವನ ಕೀರ್ತಿ. 1911ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊರುವ ಒಬ್ಬ ಕೂಲಿಯ ಪ್ರಸಂಗ ಬರುತ್ತದೆ. ದಿನಕ್ಕೆ 12.5 ಟನ್ ಹೊರುತ್ತಿದ್ದವನು, ಹೆಚ್ಚು ಕೂಲಿಯ ಆಸೆಗೂ ಮೇಲ್ವಿಚಾರಕನ ಗಡಿಯಾರಕ್ಕೂ ಒಳಗಾಗಿ, 47.5 ಟನ್ ಹೊತ್ತನಂತೆ. ಇದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದವನಿಗೆ, ತೋಟದಲ್ಲಿ ಜನ ನಿಧಾನವಾಗಿ ಹಣ್ಣು ಕುಯ್ಯುವುದನ್ನು ನೋಡುತ್ತ ಕೈಕಟ್ಟಿ ನಿಲ್ಲಲು ಆಗುತ್ತದೆಯೆ?

ಕೊಯ್ಲಿನ ಕ್ರಮವನ್ನು ಸ್ವಲ್ಪ ಹೇಳಬೇಕು. ಅರಾಬಿಕಾ ಗಿಡದಲ್ಲಿ ಎಲ್ಲ ಕಾಯಿಯೂ ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದೇ ಗೆಣ್ಣಿನಲ್ಲಿ ಕೆಂಪು ಹಣ್ಣಿನ ಪಕ್ಕದಲ್ಲಿ ಹಸಿರು ಕಾಯಿ ಕೂತಿರುತ್ತದೆ. ಹಣ್ಣನ್ನು ಮಾತ್ರ ಬಿಡಿಸಿ, ಕಾಯನ್ನು ಮುಂದಿನ ಸುತ್ತಿಗೆ ಬಿಡಬೇಕು. ಕುಯ್ದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಿ ಸಿಪ್ಪೆ ತೆಗೆಯಬೇಕು. ಐದಾರು ಕಿಲೋ ಹಣ್ಣಿಗೆ ಕೊನೆಯಲ್ಲಿ ಸಿಕ್ಕುವುದು ಒಂದು ಕಿಲೋ ಕಾಫಿಬೀಜ. ಸಂಜೆ ನಾಲ್ಕಕ್ಕೆ ಎಲ್ಲರೂ ತಲೆಯ ಮೇಲೆ ಚೀಲ ಹೊತ್ತು ಕಣಕ್ಕೆ ಬರುತ್ತಾರೆ. ರೈಟರು ತೂಗಿ ಬರೆದುಕೊಳ್ಳುತ್ತಾನೆ. ಆ ತೂಕದ ಮೇಲೆ ಕೂಲಿ.

ತೂಗುವಾಗ ಚೀಲದ ತೂಕವೆಂದು ಎರಡು ಕಿಲೋ ಕಳೆಯುವುದು ನಮ್ಮಲ್ಲಿ ಪದ್ಧತಿಯಾಗಿತ್ತು. ಏಕೆ ಎರಡೇ ಎಂದು ನಾನು ಕೇಳಲಿಲ್ಲ. ಹಿಂದಿನ ರೈಟರು ಹಾಗೆ ಮಾಡುತ್ತಿದ್ದರು, ನಾನೂ ಮಾಡಿದೆ. ಎಷ್ಟೋ ಅನ್ಯಾಯಗಳು ಲೋಕದಲ್ಲಿ ನಡೆದುಕೊಂಡು ಹೋಗುವುದು ಹೀಗೆಯೇ. ಯಾರೋ ಹಾಕಿಟ್ಟ ಗೆರೆಯ ಮೇಲೆ ಇನ್ನಾರೋ ಒಳ್ಳೆಯ ಅಕ್ಷರದಲ್ಲಿ ಬರೆಯುತ್ತ ಹೋಗುತ್ತಾರೆ.

1980ರ ಕೊಯ್ಲಿನಲ್ಲಿ ನಾನು ನನ್ನ ಶಾಸ್ತ್ರವನ್ನು ಪ್ರಯೋಗಿಸಿದೆ. ವಾರದಲ್ಲಿ ಎಲ್ಲರಿಗಿಂತ ಹೆಚ್ಚು ಕುಯ್ದವರಿಗೆ ಒಂದು ಸ್ಟೀಲಿನ ಕೊಡ ಬಕ್ಷೀಸು. ಗೋಡೌನಿನ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿ, ತೂಕದ ಕ್ರಮದಲ್ಲಿ ಹೆಸರು ಬರೆದು, ಸಂಜೆ ಗಟ್ಟಿಯಾಗಿ ಓದುತ್ತಿದ್ದೆ. ಮೊದಲ ಹೆಸರಿಗೆ ಚಪ್ಪಾಳೆ, ಕೊನೆಯ ಹೆಸರಿಗೆ ನಗು.

ಮೊದಲ ವಾರ ತೂಕ ಏರಿತು. ಯಜಮಾನರು ಬಂದು ಹಲಗೆ ನೋಡಿ, “ಪರವಾಗಿಲ್ಲ ರೈಟ್ರೇ” ಎಂದರು. ಅವರ ಬಾಯಿಂದ ಅದು ಪದ್ಮಶ್ರೀ. ಎರಡನೆಯ ವಾರವೂ ತೂಕ ಏರಿತು. ಜೊತೆಗೆ ಪಲ್ಪರಿನವನ ಗೊಣಗಾಟವೂ ಏರಿತು. ಚೀಲ ಸುರಿದರೆ ಅರ್ಧ ಹಸಿರು. ಕೊಂಬೆಗೆ ಕೈಹಾಕಿ ಬುಡದಿಂದ ತುದಿಗೆ ಒಂದೇ ಸಲ ಎಳೆದರೆ ಹಣ್ಣು, ಕಾಯಿ, ಎಲೆ, ಚಿಗುರು ಎಲ್ಲವೂ ಬರುತ್ತದೆ, ತೂಕವೂ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಕುಯ್ದದ್ದನ್ನು ಒಬ್ಬರ ಹೆಸರಿಗೆ ಹಾಕಿ ಕೊಡ ಗೆದ್ದರು. ಒಂದು ಚೀಲದ ತಳದಲ್ಲಿ ಕಲ್ಲು ಸಿಕ್ಕಿತು. ಟೇಲರನ ಕಬ್ಬಿಣದಲ್ಲಿ ಹಣ್ಣುಗಾಯಿ ಎಂಬ ಭೇದವಿರಲಿಲ್ಲ ಎಂಬುದು ನನಗೆ ಆಗ ಹೊಳೆಯಬೇಕಾಗಿತ್ತು. ನಾನು ಜನರ ಬುದ್ಧಿಯನ್ನು ಬೈದೆ.

ಕರಿಹಲಗೆಯಲ್ಲಿ ದಿನವೂ ಕೊನೆಗೆ ಬರುತ್ತಿದ್ದ ಹೆಸರು ಎರವರ ಒಬ್ಬ ಹೆಂಗಸಿನದು. ನಡುವಯಸ್ಸು ದಾಟಿದವಳು. ಅವಳ ಚೀಲದಲ್ಲಿ ಒಂದು ಹಸಿರು ಕಾಯಿ, ಒಂದು ಎಲೆ ಇರುತ್ತಿರಲಿಲ್ಲ. ಅವಳು ಕುಯ್ದು ಹೋದ ಗಿಡ ತಲೆಬಾಚಿದ ಮಗುವಿನ ಹಾಗೆ ನಿಂತಿರುತ್ತಿತ್ತು. ಕಾಂಡದ ಸಿಪ್ಪೆಯ ಮೇಲೆ ಗೆರೆಯಂತೆ ಉಬ್ಬಿದ್ದನ್ನು ತೋರಿಸಿ, ಒಳಗೆ ಕೊರಕ ಹುಳು ಇದೆ ಎಂದು ಮೇಸ್ತ್ರಿಗಿಂತ ಮೊದಲೇ ಹೇಳುತ್ತಿದ್ದವಳೂ ಅವಳೇ. ಇದಾವುದನ್ನೂ ತಕ್ಕಡಿ ತೂಗುವುದಿಲ್ಲವಲ್ಲ. ನಾನು ಸಂಜೆ ಸಂಜೆಯೂ ಅವಳ ಹೆಸರನ್ನು ಕೊನೆಯಲ್ಲಿ ಓದಿದೆ. ಜನ ನಕ್ಕರು. ಅವಳು ತಲೆತಗ್ಗಿಸಿ ಖಾಲಿ ಚೀಲ ಮಡಿಸಿಕೊಂಡು ಹೋಗುತ್ತಿದ್ದಳು.

ಕೊಯ್ಲು ಇನ್ನೂ ಮುಗಿದಿರಲಿಲ್ಲ, ಒಂದು ಬೆಳಿಗ್ಗೆ ಅವಳ ಲೈನುಮನೆ ಖಾಲಿಯಾಗಿತ್ತು. ಮಗ, ಸೊಸೆ, ಮೊಮ್ಮಗು ಎಲ್ಲರೂ ಹೋಗಿದ್ದರು. ನಾಲ್ಕು ದಿನದ ಕೂಲಿ ಬರಬೇಕಾಗಿತ್ತು, ಕೇಳಲೂ ಇಲ್ಲ. ಎರವರ ಬಾಳು ಜಮೀನಿಗೂ ಜಮೀನಿನ ಒಡೆಯನಿಗೂ ಕಟ್ಟಿಹಾಕಿದಂತಿದ್ದ ಕಾಲವೊಂದಿತ್ತು. ಜೀತವನ್ನು ರದ್ದುಮಾಡಿದ ಕಾಯಿದೆ ಬಂದದ್ದು 1976ರಲ್ಲಿ. ಅಂಥ ಹಿನ್ನೆಲೆಯ ಹೆಂಗಸು ಮಾತಾಡದೆ ಎದ್ದುಹೋದಳೆಂದರೆ, ಆ ಎದ್ದುಹೋಗುವುದೇ ಅವಳ ಮಾತು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಬಟವಾಡೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಬಾಕಿ’ ಎಂದು ಬರೆದು, ಗೆರೆ ಎಳೆದು, ಹಾಳೆ ಮಗುಚಿದೆ.

ಮಾರ್ಚಿಯಲ್ಲಿ ಹೂಮಳೆ ಬಿತ್ತು. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳುಪಾಗಿ, ಮಲ್ಲಿಗೆಯಂಥ ವಾಸನೆ ರಸ್ತೆಯವರೆಗೆ ಬರುತ್ತದೆ. ಆ ವರ್ಷ ನಮ್ಮ ಅರಾಬಿಕಾ ಭಾಗದಲ್ಲಿ ಅಲ್ಲಲ್ಲಿ ಬಿಳುಪು, ಅಲ್ಲಲ್ಲಿ ಬೋಳು. ಸ್ಟೀಲಿನ ಕೊಡ ಗೆದ್ದವರು ಕುಯ್ದ ಸಾಲುಗಳಲ್ಲಿ ಹೂ ಬಿಡಬೇಕಾದ ರೆಕ್ಕೆಗಳೇ ಮುರಿದುಹೋಗಿದ್ದವು. ಯಜಮಾನರು ಸಾಲಿನುದ್ದಕ್ಕೂ ನಡೆದುಬಂದು, ಏನೂ ಅನ್ನದೆ, ಟೊಪ್ಪಿ ತೆಗೆದು ತಲೆ ಒರಸಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಬೈಗುಳ ಮೇ ತಿಂಗಳಲ್ಲಿ ಬಂತು.

ದಕ್ಷಿಣ ಕೊಡಗಿನ ಕುಂಡೆ ಹಬ್ಬವನ್ನು ನೋಡದವರಿಗೆ ಇದನ್ನು ವಿವರಿಸುವುದು ಕಷ್ಟ. ಕಾಡಿನ ಜನರನ್ನು ಬೇಟೆಗೆಂದು ಕರೆದೊಯ್ದ ಅಯ್ಯಪ್ಪ ಸ್ವಾಮಿ, ಭದ್ರಕಾಳಿಯನ್ನು ಕಂಡು ಮೋಹಗೊಂಡು, ಇವರನ್ನು ನಡುಗಾಡಿನಲ್ಲಿ ಬಿಟ್ಟು ಅವಳ ಹಿಂದೆ ಹೋದನೆಂದು ಕಥೆ. ನಂಬಿಸಿ ಕೈಬಿಟ್ಟ ದೇವರನ್ನು ವರ್ಷಕ್ಕೊಮ್ಮೆ ದೇವರಪುರದಲ್ಲಿ ಬಾಯಿತುಂಬ ಬೈಯುತ್ತಾರೆ. ಅದಕ್ಕೆ ಮುಂಚೆ ಮುಖಕ್ಕೆ ಬಣ್ಣ ಬಳಿದುಕೊಂಡು, ಗಂಡಸರು ಹೆಂಗಸರ ಉಡುಪು ಹಾಕಿಕೊಂಡು, ಡಬ್ಬ ಬುರುಡೆ ಬಡಿಯುತ್ತ ಪೇಟೆಯಲ್ಲಿ ತಿರುಗಿ, ಎದುರಿಗೆ ಸಿಕ್ಕವರನ್ನೆಲ್ಲ ಬೈದು ಕಾಸು ಕೇಳುತ್ತಾರೆ. ಅಂದು ಯಾರೂ ಕೋಪಿಸಿಕೊಳ್ಳುವಂತಿಲ್ಲ. ದೇವರೇ ಬೈಸಿಕೊಳ್ಳುವಾಗ ದೊರೆಯೇನು, ರೈಟರೇನು!

ಗೋಣಿಕೊಪ್ಪಲಿಗೆ ಸಾಮಾನಿಗೆ ಹೋಗಿದ್ದ ನನ್ನನ್ನು ಒಂದು ಗುಂಪು ಸುತ್ತಿತು. ಕೆಂಪು ಸೀರೆ ಉಟ್ಟ ಒಬ್ಬ ನನ್ನ ಭುಜ ಹಿಡಿದ. ಬಣ್ಣದ ಒಳಗಿನ ಮುಖ ನಮ್ಮ ತೋಟದ್ದೇ. ಅವನ ಬೈಗುಳದ ಮುಕ್ಕಾಲು ಪಾಲನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ಉಳಿದ ಕಾಲು ಪಾಲು ಹೀಗಿತ್ತು: “ಚೀಲಾನೇ ಎರಡು ಕಿಲೋ ತೂಗ್ತದಾ ರೈಟರಯ್ಯ? ಹಂಗಾದ್ರೆ ನಿನಗೊಂದು ಚೀಲ ಉಡಿಸ್ತೀವಿ ಬಾ, ನೀನೂ ತೂಕದ ಮನುಷ್ಯ ಆಗ್ತೀಯ! ನಮ್ಮ ಹಣ್ಣು ನುಂಗಿ, ನಮಗೇ ಕೊಡ ಕೊಡ್ತೀಯಾ?”

ಸುತ್ತಲಿದ್ದವರು ನಕ್ಕರು. ನಾನೂ ನಗಬೇಕಾಗಿತ್ತು, ನಕ್ಕೆ. ಎರಡು ರೂಪಾಯಿ ಕೊಟ್ಟು ಬಿಡಿಸಿಕೊಂಡೆ. ದಿನವೂ ಸಂಜೆ ನನ್ನ ಕರಿಹಲಗೆಯ ಕೊನೆಯ ಹೆಸರಿಗೆ ಬೀಳುತ್ತಿದ್ದ ನಗು ಎಂಥದೆಂಬುದು ಬಸ್ಸಿನಲ್ಲಿ ಕೂತ ಮೇಲೆ ನನಗೆ ತಿಳಿಯಿತು.

ರಾತ್ರಿ ಲಾಟೀನು ಹಿಡಿದು ಗೋಡೌನಿಗೆ ಹೋಗಿ ಒಂದು ಖಾಲಿ ಗೋಣಿಚೀಲವನ್ನು ತೂಗಿದೆ. ಒಂದು ಕಿಲೋ ಮುಟ್ಟಲಿಲ್ಲ. ಇನ್ನೊಂದನ್ನು ತೂಗಿದೆ, ಮತ್ತೊಂದನ್ನು ತೂಗಿದೆ. ತಕ್ಕಡಿಗೆ ನನ್ನ ಮೇಲೆ ದಾಕ್ಷಿಣ್ಯವಿರಲಿಲ್ಲ.

ಬೆಳಿಗ್ಗೆ ಯಜಮಾನರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಗ ಕಾಫಿಯನ್ನು ಬೆಳೆಗಾರರು ತಾವೇ ಮಾರುವಂತಿರಲಿಲ್ಲ. 1942ರ ಕಾಫಿ ಕಾಯಿದೆಯಂತೆ ಬೆಳೆಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗಬೇಕು. ಅಲ್ಲಿ ದರ್ಜೆ ನೋಡಿ ಪಾಯಿಂಟು ಕಟ್ಟಿ, ಹಣವನ್ನು ಕಂತುಕಂತಾಗಿ ಕೊಡುವರು. 1996ರಲ್ಲಿ ಮಾರಾಟ ಪೂರ್ತಿ ಬಿಡುವಾಗುವವರೆಗೆ ಬೆಳೆಗಾರನ ಬಾಳು ಕಂತು ಕಾಯುವ ಬಾಳು. ಯಜಮಾನರು ಕೊನೆಗೆ ಹೇಳಿದರು: “ನಮ್ಮ ಕಾಫಿಯನ್ನು ಇನ್ನೊಬ್ಬರು ತೂಗುವಾಗ ನಾನು ಎಷ್ಟು ಸಲ ಮುಳ್ಳು ನೋಡ್ತೇನೆ ಗೊತ್ತುಂಟಾ ರೈಟ್ರೇ? ಅವರೂ ನೋಡಿರ್ತಾರೆ. ಲೆಕ್ಕ ಹಾಕಿ, ಕೊಟ್ಟುಬಿಡಿ.”

ತೋಟದಲ್ಲಿದ್ದವರಿಗೆ ಆ ವಾರದ ಬಟವಾಡೆಯಲ್ಲೇ ಕೊಟ್ಟೆವು. ಎದ್ದುಹೋದವಳನ್ನು ಹುಡುಕಬೇಕಾಗಿತ್ತು. ಕುಟ್ಟದ ಕಡೆಯ ಒಂದು ತೋಟದಲ್ಲಿದ್ದಾಳೆಂದು ಕೆಂಪು ಸೀರೆಯವನೇ ಹೇಳಿದ. ಪೊನ್ನಂಪೇಟೆ, ಶ್ರೀಮಂಗಲ ದಾಟಿ ಬಸ್ಸು ಕುಟ್ಟ ಸೇರುವಾಗ ಮುಂಗಾರಿನ ಮೊದಲ ಮಳೆ. ಲೈನುಮನೆಯ ಸೂರಿನಡಿ ಅವಳು ಸೌದೆ ಒಳಗಿಡುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾದಳು. ರೈಟರು ಹುಡುಕಿಕೊಂಡು ಬಂದನೆಂದರೆ ಒಳ್ಳೆಯದಕ್ಕೆ ಬಂದಿರಲಾರ ಎಂಬುದು ಅವಳ ಅನುಭವ.

ನಾಲ್ಕು ದಿನದ ಕೂಲಿಯನ್ನು ಕೈಗಿಟ್ಟೆ. ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಮೇಲೆ ಒಂದು ಹತ್ತು ರೂಪಾಯಿ ಕೊಟ್ಟು, “ಇದು ನನ್ನದು, ಇಟ್ಟುಕೋ ಅಮ್ಮ” ಎಂದೆ. ಅವಳು ನೋಟನ್ನು ಹಿಂದಕ್ಕೆ ಚಾಚಿದಳು. “ಇದು ಯಾತಕ್ಕೆ ಅಯ್ಯ? ನಾ ಕುಯ್ದದ್ದಕ್ಕೆ ಕೊಟ್ಟಾಯ್ತಲ್ಲ.” ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಆಮೇಲೆ ನಾನು ಚೀಲದ ಮಾತು ಎತ್ತಿದೆ. ದಿನಕ್ಕೆ ಒಂದು ಕಿಲೋದಂತೆ ಹೆಚ್ಚು ಕಳೆದಿದ್ದೇವೆ. ಮೂವತ್ತೊಂದು ದಿನಕ್ಕೆ ಮೂವತ್ತೊಂದು ಕಿಲೋ ಹಣ್ಣಿನ ಕೂಲಿ ನಿನಗೆ ಬರಬೇಕು ಎಂದು ಬೆರಳು ಮಡಿಸಿ ತೋರಿಸಿದೆ. ಅವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದು, ಕೈ ಚಾಚಿದಳು. ಆ ಹಣ ಹತ್ತು ರೂಪಾಯಿಗಿಂತ ಕಡಿಮೆ. ಅದನ್ನು ಎರಡು ಸಲ ಎಣಿಸಿ, ಸೆರಗಿನ ಗಂಟು ಬಿಚ್ಚಿ, ಕೂಲಿಯ ಜೊತೆಗೆ ಸೇರಿಸಿ ಕಟ್ಟಿಕೊಂಡಳು. ಬಕ್ಷೀಸನ್ನು ತಳ್ಳಿದ ಕೈ ಬಾಕಿಯನ್ನು ತೆಗೆದುಕೊಂಡಿತು.

“ಮಳೆ ಜೋರಾಗ್ತದೆ, ಒಳಗೆ ಬನ್ನಿ ಅಯ್ಯ” ಎಂದು ಕರೆದು ಬೆಲ್ಲದ ಕಾಫಿ ಕೊಟ್ಟಳು. ನಮ್ಮ ತೋಟಕ್ಕೆ ತಿರುಗಿ ಬರುತ್ತೀಯಾ ಎಂದು ಕೇಳಬೇಕೆಂದಿದ್ದವನು ಕೇಳದೆ ಬಂದೆ. ಅವಳು ಬರಲೂ ಇಲ್ಲ. ಕಥೆಯಾಗಿದ್ದರೆ ಬರಬಹುದಿತ್ತು.

ಮುಂದಿನ ಕೊಯ್ಲಿಗೆ ಕರಿಹಲಗೆ ಇಳಿಯಿತು. ಖಾಲಿ ಚೀಲವನ್ನು ಎಲ್ಲರೆದುರಿಗೆ ತೂಗಿ, ಆ ತೂಕವನ್ನು ಮಾತ್ರ ಕಳೆದೆವು. ತಕ್ಕಡಿಯ ಮುಳ್ಳು ಕುಯ್ದವರ ಕಡೆಗೆ ಕಾಣುವಂತೆ ತಿರುಗಿಸಿ ಕಟ್ಟಿದೆವು. ಅರಾಬಿಕಾ ಭಾಗಕ್ಕೆ ತೂಕದ ಕೂಲಿ ಬಿಟ್ಟು ದಿನಗೂಲಿ ಮಾಡಿದೆವು. ಜನ ದೇವತೆಗಳಾದರೆಂದು ಹೇಳಲಾರೆ. ಕಳ್ಳ ಬೀಳುವವರು ಬಿದ್ದರು, ಸಂತೆಯ ಮಾರನೆಯ ದಿನ ಹಾಜರಿ ಎಂದಿನಂತೆ ಕಡಿಮೆಯಾಯಿತು. ಆದರೆ ಚೀಲದಲ್ಲಿ ಕಲ್ಲು ಮತ್ತೆ ಸಿಕ್ಕಲಿಲ್ಲ. ಹಸಿರು ಕಡಿಮೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಗಿಡಕ್ಕೆ ಹುಳು ಬಿದ್ದರೆ ಜನ ತಾವಾಗಿ ಬಂದು ಹೇಳತೊಡಗಿದರು. ತನ್ನ ಹಣ್ಣು ನುಂಗುವವನಿಗೆ ಗಿಡದ ರೋಗ ಯಾರು ಹೇಳುತ್ತಾರೆ?

ಈಗ ಆ ತೋಟದಲ್ಲಿ ಅಸ್ಸಾಮಿನಿಂದ ಬಂದ ಹುಡುಗರು ಕುಯ್ಯುತ್ತಾರೆ. ತಕ್ಕಡಿಯ ಮುಳ್ಳು ಹೋಗಿ ಕೆಂಪಗೆ ಹೊಳೆಯುವ ಅಂಕಿ ಬಂದಿದೆ. ಹೋದ ಚಳಿಗಾಲ ಹೋಗಿದ್ದಾಗ ನೋಡಿದೆ: ನಮ್ಮ ಭಾಷೆ ಬಾರದ ಹುಡುಗನೊಬ್ಬ ಚೀಲ ಇಳಿಸಿ, ಮೊದಲು ಅಂಕಿ ನೋಡಿ, ಆಮೇಲೆ ಬರೆಯುವವನ ಕೈ ನೋಡಿದ. ಆ ನೋಟಕ್ಕೆ ಭಾಷೆ ಬೇಕಾಗಿಲ್ಲ.

ಇಷ್ಟನ್ನೂ ಅಣ್ಣನ ಮಗನಿಗೆ ಹೇಳಲಿಲ್ಲ. ಅವನು ತನ್ನ ಯೋಜನೆಯನ್ನು ವಿವರಿಸುತ್ತಿದ್ದ. ಪ್ರತಿ ತಿಂಗಳೂ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡಿದವರ ಭಾವಚಿತ್ರವನ್ನು ಗೋಡೆಗೆ ಹಾಕಿ ಬಹುಮಾನ ಕೊಡುತ್ತಾನಂತೆ. ನಾನು ಒಂದೇ ಪ್ರಶ್ನೆ ಕೇಳಿದೆ: “ನಿನ್ನ ಕೈಕೆಳಗಿನವರಿಗೆ ರಜೆಯೋ, ಹೆಚ್ಚು ಹೊತ್ತು ದುಡಿದ ಹಣವೋ, ಏನಾದರೂ ಬಾಕಿ ಇದೆಯೇನಪ್ಪ?”

ಅವನು ಮೇಲೆ ನೋಡಿದ, ಕೆಳಗೆ ನೋಡಿದ. ಸ್ವಲ್ಪ ಹೊತ್ತಾದ ಮೇಲೆ, “ಚಿಕ್ಕಪ್ಪ, ಇನ್ನರ್ಧ ಲೋಟ ಕಾಫಿ ಇದೆಯಾ?” ಎಂದ.