ಏಳನೇ ತಾರೀಖು ಕಳೆದ ಮೇಲೆ

ಬೆಳಗಿನ ಆರು ಗಂಟೆ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ಒಳಕ್ಕೆ ತಿರುಗಿದರೆ ಒಂದು ತಗಡಿನ ಶೆಡ್ಡು. ಬೀದಿನಾಯಿಗಳ ಆಶ್ರಯ ಅಂದುಕೊಳ್ಳಿ. ಹೆಸರು ಬೇಡ, ಇಂಥದ್ದು ಊರಲ್ಲಿ ಒಂದೇ ಇರಲಿಕ್ಕಿಲ್ಲ. ಗೇಟು ಕಿರ್ರೆಂದದ್ದೇ ತಡ, ಒಳಗಿನವೆಲ್ಲ ಒಟ್ಟಿಗೆ ಬೊಗಳುತ್ತವೆ. ಮೂಗಿಗೆ ಮೊದಲು ಫಿನಾಯಿಲು ಬಡಿಯುತ್ತದೆ, ಅದರ ಹಿಂದೆಯೇ ರಾತ್ರಿಯೆಲ್ಲ ನಿಂತ ಉಚ್ಚೆಯ ಘಾಟು.

ಕಾಮಾಕ್ಷಿಪಾಳ್ಯದಿಂದ ಬರುವ ಅಕ್ಕ ಆಗಲೇ ಪೈಪು ಹಿಡಿದಿದ್ದಾರೆ. ಮೂಲೆಯ ಬೋನಿಗೆ ಬೇರೆ ಪೊರಕೆ, ಬೇರೆ ಬಕೆಟ್ಟು. ಅಲ್ಲಿರುವ ಮರಿಗಳಿಗೆ ಡಿಸ್ಟೆಂಪರ್. ಅಲ್ಲಿ ಕೈಯಿಟ್ಟು ಉಳಿದವನ್ನು ಮುಟ್ಟುವ ಹಾಗಿಲ್ಲ. ಹಿತ್ತಲಲ್ಲಿ ಹಂಡೆ ತುಂಬ ಅಕ್ಕಿ, ಕೋಳಿ ಕಾಲು ಕುದಿಯುತ್ತಿವೆ. ವ್ಯಾನಿನ ಹುಡುಗ ಬಸವೇಶ್ವರನಗರದ ಎರಡು ಹೆಣ್ಣುನಾಯಿಗಳನ್ನು ಹತ್ತಿಸುತ್ತಾನೆ. ಸಂತಾನಹರಣದ ಹೊಲಿಗೆ ಮಾಗಿದೆ, ಕಿವಿಯಲ್ಲಿ ಕತ್ತರಿಸಿದ ಗುರುತಿದೆ. ಹಿಡಿದ ಬೀದಿಗೇ ಬಿಟ್ಟು ಬರಬೇಕು. ಅವನ ಮುಂಗೈ ಮೇಲಿನ ಹಲ್ಲಿನ ಗುರುತುಗಳನ್ನು ನೀವು ನೋಡುತ್ತಿದ್ದೀರೆಂದು ಗೊತ್ತಾಗಿ, ‘ಇವೆಲ್ಲಾ ಹಳೇವು ಸಾರ್’ ಎನ್ನುತ್ತಾನೆ.

ಇವತ್ತು ಹತ್ತೊಂಬತ್ತನೇ ತಾರೀಖು. ಕಳೆದ ತಿಂಗಳ ಸಂಬಳಕ್ಕೆ ಕಾನೂನು ಕೊಟ್ಟ ಗಡುವು ಈ ತಿಂಗಳ ಏಳು, ಸಂಬಳ ಇನ್ನೂ ಬಂದಿಲ್ಲ.

ಒಂಬತ್ತಕ್ಕೆ ಟ್ರಸ್ಟಿನ ಮೇಡಂ ಬರುತ್ತಾರೆ, ಕೈಯಲ್ಲಿ ಸ್ವಂತ ದುಡ್ಡಿನ ಔಷಧದ ಚೀಲ. ಕೆಟ್ಟವರಲ್ಲ. ಕಾಲು ಮುರಿದ ನಾಯಿಯ ಫೋಟೊ ಹಾಕಿದರೆ ಸಂಜೆಯೊಳಗೆ ದುಡ್ಡು ಬರುತ್ತದೆ. ಬೋನು ತೊಳೆಯುವವಳ ಪಿಎಫ್‌ಗೆಂದು ಕೇಳಿದರೆ ಯಾರು ಕೊಡುತ್ತಾರೆ? ಆಫೀಸಿನ ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದಾರೆ.

‘ಇದು ಸೇವೆ ಅಲ್ವೇನ್ರಪ್ಪ?’

‘ಸೇವೆ ಮಾಡ್ತಾನೇ ಇದೀವಲ್ಲ ಮೇಡಂ,’ ಅಕ್ಕನ ಕೈ ಇನ್ನೂ ಒದ್ದೆ. ‘ಮನೆ ಓನರ್ ಸೇವೆ ಮಾಡಲ್ವೇ!’

ಈ ವಾದ ಹಳೆಯದು. ಮುಂಬೈ ಭುಲೇಶ್ವರದ ಪಾಂಜರಪೋಳ, ಮುದಿ ದನಗಳ ಆಸರೆ, ತನ್ನ ಕೆಲಸಗಾರರೊಂದಿಗಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿ ಹಾಲಿನ ವ್ಯವಹಾರವೂ ನಡೆಯುತ್ತಿತ್ತು. ಅದು ಉದ್ದಿಮೆಯೇ, ಕೈಗಾರಿಕಾ ವಿವಾದ ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂದು 1971ರಲ್ಲಿ ತೀರ್ಪಾಯಿತು. ಇನ್ನೂ ದೊಡ್ಡ ಉತ್ತರ ಬಂದದ್ದು ನಮ್ಮ ಬೆಂಗಳೂರು ಜಲಮಂಡಳಿಯಿಂದ. ದಂಡ ಹಾಕಿ ಹಣ ವಸೂಲಿ ಮಾಡಿದ್ದನ್ನು ಎ. ರಾಜಪ್ಪ ಮತ್ತಿತರ ನೌಕರರು ಪ್ರಶ್ನಿಸಿದರು. ಮಂಡಳಿ ‘ನಾವು ಉದ್ದಿಮೆಯೇ ಅಲ್ಲ’ ಎಂದಿತು. 1978ರ ಫೆಬ್ರವರಿ 21ರಂದು ಏಳು ನ್ಯಾಯಮೂರ್ತಿಗಳ ಪೀಠ ಮಂಡಳಿಯ ವಾದವನ್ನು ಒಪ್ಪಲಿಲ್ಲ. ಪೀಠದಲ್ಲಿದ್ದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಧರ್ಮಸಂಸ್ಥೆಗಳ ಮಾತನ್ನೂ ಎತ್ತಿದರು: ದಾನ ಮಾಡುವವನು ಯಜಮಾನ, ಪಡೆಯುವವನು ಬಡವ, ನಡುವೆ ಕೂಲಿಗೆ ದುಡಿಯುವವನು ದಾನಿಯಲ್ಲ. ಸಂಬಳ ಬೇಡವೆಂದು, ಧ್ಯೇಯಕ್ಕಾಗಿಯೇ ದುಡಿಯುವವರ ಸಂಸ್ಥೆಗಳಿಗೆ ಮಾತ್ರ ವಿನಾಯಿತಿ. ಅಕ್ಕನಂಥವರ ಪರವಾಗಿ ಇದಕ್ಕಿಂತ ಚೆನ್ನಾಗಿ ಯಾರೂ ವಾದಿಸಿದಂತೆ ಕಾಣೆ.

1982ರಲ್ಲಿ ಸಂಸತ್ತು ಧರ್ಮಸಂಸ್ಥೆಗಳನ್ನು ಉದ್ದಿಮೆಯ ವ್ಯಾಖ್ಯೆಯಿಂದ ಹೊರಗಿಡುವ ತಿದ್ದುಪಡಿ ಮಾಡಿತು, ಅದು ಜಾರಿಯಾಗಲೇ ಇಲ್ಲ. ಅದೇ ವಿನಾಯಿತಿ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಮರಳಿ ಬಂತು. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಬಾಗಿಲಲ್ಲಿ ನಿಂತ ನಾಲ್ವರಿಗೆ ಈ ಸುದ್ದಿ ಮುಟ್ಟಿಲ್ಲ.

‘ನಾಳೆಯಿಂದ ಬರಲ್ಲ ಅಂದ್ಬಿಡೋಣ,’ ವ್ಯಾನಿನ ಹುಡುಗ ಪಿಸುಗುಡುತ್ತಾನೆ.

‘ಮರಿಗಳಿಗೆ ಮದ್ದು ಯಾರೋ ಹಾಕ್ತಾರೆ?’ ಅಕ್ಕ ಗದರುತ್ತಾರೆ. ಮೇಡಂಗೂ ಇದು ಗೊತ್ತು. ಕಾರ್ಖಾನೆಯಲ್ಲಾದರೆ ಮಿಷನ್ನು ನಿಲ್ಲಿಸಬಹುದು. ಇಲ್ಲಿ ಹಸಿವು ಸಂಜೆಯೇ ಬೊಗಳುತ್ತದೆ.

ಕಡೆಗೆ ಲೆಟರ್‌ಹೆಡ್ ಹೊರಬರುತ್ತದೆ. ಅರ್ಧ ಸಂಬಳ ಶನಿವಾರ ಎಂದು ಬರೆದು ಮೇಡಂ ಸಹಿ ಹಾಕುತ್ತಾರೆ. ಹುಡುಗ ಫೋಟೊ ತೆಗೆಯಲು ಫೋನು ಎತ್ತಿದವನು ಇಳಿಸುತ್ತಾನೆ.

‘ಇನ್ನರ್ಧ ಯಾವತ್ತು ಅಂತಾನೂ ಬರೀರಿ ಮೇಡಂ.’