ಟಿಚ್ ಬಟನ್ನು ಮತ್ತು ಅಪ್ಪನ ರಬ್ಬರ್ ಬ್ಯಾಂಡು

ದೀಪಾವಳಿಗೆ ಊರಿಗೆ ಹೋಗಿದ್ದೆ. ಬಾಗಿಲಲ್ಲಿ ಬ್ಯಾಗ್ ಇಳಿಸ್ತಾ ಇದ್ದ ಹಾಗೇ ಕಣ್ಣು ಹೋಗಿದ್ದು ಅಪ್ಪನ ಸೊಂಟದ ಕಡೆ. ಬೆಲ್ಟಿಗೆ ಸಿಕ್ಕಿಸಿದ ಚರ್ಮದ ಪೌಚು. ಯುಗಾದಿ ಹಬ್ಬಕ್ಕೆ ನಾನೇ ಕೈಯಾರೆ ಕೊಯ್ದು, ಹೊಲಿದು, ಟಿಚ್ ಬಟನ್ ಹಾಕಿ ಕೊಟ್ಟಿದ್ದು. ಅದರ ಮೇಲೆ ಅಡ್ಡಲಾಗಿ ಒಂದು ಕೆಂಪು ರಬ್ಬರ್ ಬ್ಯಾಂಡು! ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಹಾಕಿರ್ತಾರಲ್ಲ, ಅದೇ.

"ಇದ್ಯಾಕಪ್ಪಾ?" ಅಂದೆ.

"ಏನಿಲ್ಲ, ಸುಮ್ನೆ ಇರ್ಲಿ ಅಂತ" ಅಂದ್ರು. "ಬಟನ್ ಚೆನ್ನಾಗೇ ಇದೆ."

ಬಟನ್ ಚೆನ್ನಾಗಿದ್ರೆ ರಬ್ಬರ್ ಬ್ಯಾಂಡ್ ಯಾಕೆ ಬೇಕು? ಹತ್ತು ನಿಮಿಷ ಬಿಟ್ಟು ಅಡುಗೆ ಮನೇಲಿ ಅಮ್ಮ ಮೆಲ್ಲಗೆ ವಿಷಯ ಹೇಳಿದ್ಲು. ಒಂದೂವರೆ ತಿಂಗಳ ಹಿಂದೆ ಅಪ್ಪ ಕೊಬ್ಬರಿ ಮಂಡಿಯಿಂದ ಟಿವಿಎಸ್‌ನಲ್ಲಿ ವಾಪಸ್ ಬರುವಾಗ ಪೌಚಿನ ಬಾಯಿ ಬಿಚ್ಚಿಕೊಂಡಿದೆ. ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಎರಡು ಸಾವಿರ ಚಿಲ್ಲರೆ ದುಡ್ಡು, ಗಾಡಿಯ ಆರ್‌ಸಿ, ಮತ್ತೆ ತಾತನ ಫೋಟೋ.

ದುಡ್ಡು ಹೋಯ್ತು, ಆರ್‌ಸಿ ಇನ್ನೊಂದು ಮಾಡಿಸಬಹುದು. ತಾತನ ಫೋಟೋ ಮಾತ್ರ ಅದೊಂದೇ ಇದ್ದಿದ್ದು. ಅಪ್ಪನಿಗೆ ಹತ್ತು ವರ್ಷ ಇದ್ದಾಗ ತಾತ ತೀರಿಕೊಂಡಿದ್ದು. ಯಾವುದೋ ಅರ್ಜಿಗೆ ಅಂತ ತೆಗೆಸಿದ್ದ ಪಾಸ್‌ಪೋರ್ಟ್ ಸೈಜಿನ ಕಪ್ಪು ಬಿಳುಪು ಫೋಟೋ, ಒಂದು ಮೂಲೆ ಮುರಿದಿತ್ತು. ಅಪ್ಪ ಪರ್ಸಿಂದ ಪರ್ಸಿಗೆ ಅದನ್ನ ವರ್ಗಾಯಿಸ್ತಾ ಬಂದಿದ್ರು. "ಕೊಡಿ ಅಪ್ಪ, ಸ್ಕ್ಯಾನ್ ಮಾಡಿ ದೊಡ್ಡದು ಮಾಡಿಸ್ಕೊಂಡು ಬರ್ತೀನಿ" ಅಂತ ನಾನು ಎಷ್ಟು ಸಲ ಹೇಳಿದ್ದೆನೋ ಲೆಕ್ಕ ಇಲ್ಲ. ಫೋನಲ್ಲಿ ಒಂದು ಫೋಟೋ ಹೊಡ್ಕೊಂಡಿದ್ರೂ ಸಾಕಿತ್ತು. ದಿನಾ ಆಫೀಸಲ್ಲಿ ಜೂನಿಯರ್‌ಗಳಿಗೆ ಬ್ಯಾಕಪ್ ತಗೊಳ್ರಪ್ಪಾ ಅಂತ ಬಯ್ಯೋನು ನಾನು.

"ಅಜ್ಜಿಗೆ ಹೇಳಿಲ್ಲ, ನೀನೂ ಬಾಯಿ ಬಿಡಬೇಡ" ಅಂದ್ಲು ಅಮ್ಮ.

ಈಗ ಆ ಪೌಚಿನ ಕಥೆ. ಚರ್ಮದ ಕೆಲಸದ ಹುಚ್ಚು ನನಗೆ ಹಿಡಿದು ಎರಡು ವರ್ಷ ಆಯ್ತು. ದಿನವಿಡೀ ಸ್ಕ್ರೀನ್ ನೋಡಿ ಸಾಕಾಗಿ, ಕೈಯಲ್ಲಿ ಹಿಡಿಯುವಂಥದ್ದು ಏನಾದ್ರೂ ಮಾಡೋಣ ಅನ್ನಿಸಿ ಶುರು ಮಾಡಿದ್ದು. ಚರ್ಮ ತರೋದು ಚೆನ್ನೈನ ಪೆರಿಯಮೇಟ್‌ನಿಂದ. ಹೊಲಿಗೆ ಬೇಗ ಕೈಗೆ ಕೂತುಬಿಡ್ತು. ಎರಡು ಸೂಜಿ, ಒಂದು ದಾರ, ತಾಳ್ಮೆ ಇದ್ರೆ ಆಯ್ತು, ತಪ್ಪಿದ್ರೆ ಬಿಚ್ಚಿ ಮತ್ತೆ ಹಾಕಬಹುದು. ಟಿಚ್ ಬಟನ್ ಹಾಗಲ್ಲ. ಒಂದು ಸಲ ಸುತ್ತಿಗೆ ಬಿತ್ತೋ, ಮುಗೀತು. ಅದಕ್ಕೆ ಅನ್‌ಡೂ ಇಲ್ಲ :-)

ನೀವು ನೋಡೋದು ಎರಡೇ ಭಾಗ, ಆದರೆ ಒಂದು ಟಿಚ್ ಬಟನ್ನಿನಲ್ಲಿ ಇರೋದು ನಾಲ್ಕು. ಮೇಲೆ ಹೊಳೆಯೋ ಟೋಪಿ, ಅದಕ್ಕೆ ಕೆಳಗಡೆ ಒಂದು ಟೊಳ್ಳು ಕಾಲು. ಆ ಕಾಲು ಮುಚ್ಚಳದ ಚರ್ಮವನ್ನ ದಾಟಿ ಬಂದು 'ಹೆಣ್ಣು' ಬಟ್ಟಲಿನ ತೂತಿನೊಳಗೆ ಸೇರುತ್ತೆ. ಇನ್ನೊಂದು ಕಡೆ ಇದೇ ಥರ ಒಂದು ಟೊಳ್ಳು ಕಾಲು ಒಳಗಿಂದ ಬಂದು 'ಗಂಡು' ಗುಂಡಿಯನ್ನ ಹಿಡಿಯುತ್ತೆ. ಸುತ್ತಿಗೆ ಏಟು ಬಿದ್ದಾಗ ಕಾಲಿನ ತುದಿ ಹೂವಿನ ಥರ ಹೊರಕ್ಕೆ ಅರಳಿ, ಮಡಚಿ, ಚರ್ಮವನ್ನ ಮಧ್ಯೆ ಹಾಕಿ ಕಚ್ಚಿ ಹಿಡಿಯಬೇಕು. ಇಷ್ಟೇ ಕೆಲಸ. ಹೆಣ್ಣಿನೊಳಗೆ ಒಂದು ಸ್ಪ್ರಿಂಗ್ ಇರುತ್ತೆ, 'ಟಕ್' ಅನ್ನೋದು ಅದೇ.

ನನ್ನ ಪೌಚಲ್ಲಿ ಆಗಿದ್ದೇನು ಅಂತ ಅವತ್ತು ರಾತ್ರಿ ಕೂತು ನೋಡಿದೆ. ಕಟಿಂಗ್ ಪ್ಲೇಯರ್ ಹಾಕಿ ಬಟನ್ ಕಿತ್ತೆ. ಮುಚ್ಚಳದ ಚರ್ಮ ಇದ್ದಿದ್ದು 1.2 ಮಿಲಿಮೀಟರ್. ಕಿಟ್ಟಿನಲ್ಲಿ ಬಂದಿದ್ದ ಟೋಪಿಯ ಕಾಲು ಅದರ ಎರಡು ಮೂರು ಪಟ್ಟು ದಪ್ಪದ ಚರ್ಮಕ್ಕೆ ಮಾಡಿದ್ದು. ಉಳಿದ ಉದ್ದ ಎಲ್ಲಿಗೆ ಹೋಗಬೇಕು? ನಾನು ಹೊಡೆದಾಗ ಕಾಲು ನೆಟ್ಟಗೆ ಅರಳೋ ಬದಲು ಒಂದು ಪಕ್ಕಕ್ಕೆ ಸೊಟ್ಟಗೆ ಬಾಗಿ ಮುದುರಿಕೊಂಡಿತ್ತು. ಹೊರಗಿಂದ ನೋಡಿದ್ರೆ ಟೋಪಿ ಫಳಫಳ. ಒಳಗೆ ಹೆಣ್ಣು ಬಟ್ಟಲು ಓರೆಯಾಗಿ ಕೂತಿದೆ, ಹಿಡಿತ ಅರ್ಧ ಕಡೆ ಮಾತ್ರ. ದಿನಾ ತೆಗೆದು ಹಾಕಿ ತೆಗೆದು ಹಾಕಿ ಆ ಅರ್ಧವೂ ಸಡಿಲ ಆಗಿದೆ.

ತಮಾಷೆ ಅಂದ್ರೆ ನಾನು ಓದಿದ್ದು ಮೆಕ್ಯಾನಿಕಲ್. ಉದ್ದನೆ ತೆಳ್ಳಗಿನ ಕಂಬಕ್ಕೆ ಮೇಲಿಂದ ಭಾರ ಹಾಕಿದ್ರೆ ಅದು ಕುಗ್ಗೋ ಮೊದಲೇ ಪಕ್ಕಕ್ಕೆ ಬಾಗುತ್ತೆ ಅಂತ ಆಯ್ಲರ್ 1744ರಲ್ಲೇ ಲೆಕ್ಕ ಬರೆದಿಟ್ಟಿದ್ದಾನೆ. ಮೂರನೇ ಸೆಮಿಸ್ಟರಲ್ಲಿ ಆ ಸೂತ್ರ ಬಾಯಿಪಾಠ ಹೊಡೆದು ಬರೆದು ಪಾಸಾಗಿದ್ದೀನಿ. ಮೂರು ಮಿಲಿಮೀಟರ್ ಹಿತ್ತಾಳೆ ಕಾಲೂ ಒಂದು ಕಂಬವೇ ಅಂತ ಹೊಳೀಲಿಲ್ಲ ಅಷ್ಟೇ.

ಮಾರನೇ ದಿನ ಪೌಚು ಹಿಡ್ಕೊಂಡು ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯೋರ ಹತ್ರ ಹೋದೆ. ನಾನು ಸ್ಕೂಲಿಗೆ ಹೋಗುವಾಗಿನಿಂದಲೂ ಅವರು ಅಲ್ಲೇ ಕೂರ್ತಾರೆ. ಮೂರು ಕಾಲಿನ ಕಬ್ಬಿಣದ ಅಡಿ, ಒಂದು ರಂಪಿಗೆ, ಒಂದು ಸುತ್ತಿಗೆ, ಮೇಣದ ಉಂಡೆ. ನನ್ನ ಹತ್ರ ಬೆಂಗಳೂರಲ್ಲಿ ನಲವತ್ತು ಸಾಮಾನಿದೆ, ಪೆಟ್ಟಿಗೆ ಸಮೇತ.

ಪೌಚನ್ನ ತಿರುಗಿಸಿ ಮುರುಗಿಸಿ ನೋಡಿದ್ರು. "ಹೊಲಿಗೆ ಯಾರು ಹಾಕಿದ್ದು?" ಅಂದ್ರು. ನಾನೇ ಅಂದೆ. "ಹೊಲಿಗೆ ಪರವಾಗಿಲ್ಲ" ಅಂದ್ರು. ಬಟನ್ ಬಗ್ಗೆ ಏನೂ ಅನ್ನಲಿಲ್ಲ. ಅದೇ ಒಂದು ತೀರ್ಪು.

ಆಮೇಲೆ ಒಂದು ಹೊಸ ಬಟನ್ ತೆಗೆದು ಹಾಕಿ ತೋರಿಸಿದ್ರು. ಟೋಪಿಯ ಕಾಲು ಚರ್ಮದಿಂದ ಎಷ್ಟು ಹೊರಗೆ ಬಂದಿದೆ ಅಂತ ಉಗುರು ಇಟ್ಟು ನೋಡಿದ್ರು. ಜಾಸ್ತಿ ಇದೆ. ಹಳೇ ಚಪ್ಪಲಿಯ ಒಂದು ಚೂರು ಚರ್ಮವನ್ನ ಕಾಸಿನಗಲ ಕೊಯ್ದು, ಮಧ್ಯೆ ತೂತು ಹಾಕಿ, ಮುಚ್ಚಳದ ಒಳಗಡೆ ಬಿಲ್ಲೆ ಥರ ಕೊಟ್ರು. ಈಗ ಕಾಲು ಹೆಚ್ಚು ಕಮ್ಮಿ ಮೂರು ಮಿಲಿಮೀಟರ್ ಹೊರಗೆ. ತೂತು ಎಷ್ಟು ಬಿಗಿ ಅಂದ್ರೆ ಕಾಲನ್ನ ತಿರುವಿ ತಿರುವಿ ತಳ್ಳಬೇಕು. ನಾನು ದೊಡ್ಡ ತೂತು ಹಾಕಿ 'ಸಲೀಸಾಗಿ ಹೋಯ್ತು' ಅಂತ ಖುಷಿಪಟ್ಟಿದ್ದೆ. ತೂತು ಸಡಿಲ ಇದ್ರೆ ಕಾಲಿಗೆ ಪಕ್ಕದ ಆಸರೆಯೇ ಇಲ್ಲ, ಬಾಗದೆ ಇನ್ನೇನು ಮಾಡುತ್ತೆ?

ಹೊಡೆದಿದ್ದು ಮೂರೇ ಏಟು. ಮೊದಲನೆಯದು ಮುಟ್ಟಿದ ಹಾಗೆ, ಕಾಲಿನ ಬಾಯಿ ತೆರೆಯೋಕೆ. ಎರಡು ಮತ್ತು ಮೂರು ಒಂದೇ ತೂಕದ್ದು. ನಾನು? ಸಿಟ್ಟಿದ್ದವನ ಹಾಗೆ ಒಂದೇ ಏಟು ಜಡೀತಿದ್ದೆ. ಜಾಸ್ತಿ ಹೊಡೆದ್ರೂ ಕೆಡುತ್ತೆ. ಹೆಣ್ಣಿನ ಬಟ್ಟಲು ಅಪ್ಪಚ್ಚಿಯಾಗಿ ಸ್ಪ್ರಿಂಗ್ ಅಲುಗಾಡೋಕೆ ಜಾಗ ಇರಲ್ಲ. ಗಂಡಿನ ತಲೆ ಚಪ್ಪಟೆಯಾದ್ರೆ ಒಳಗೇ ಹೋಗಲ್ಲ.

ಕೊನೆಗೆ ಟೋಪಿಯನ್ನ ಹೆಬ್ಬೆರಳಲ್ಲಿ ಒತ್ತಿ ತಿರುಗಿಸಿ ನೋಡಿದ್ರು. ಅಲುಗಲಿಲ್ಲ. "ತಿರುಗಿದ್ರೆ ಕಿತ್ತು ಎಸೀರಿ, ಇನ್ನೊಂದು ಏಟು ಹೊಡೆದು ಸರಿ ಮಾಡ್ತೀನಿ ಅನ್ಬೇಡಿ" ಅಂದ್ರು.

ಇಪ್ಪತ್ತು ರೂಪಾಯಿ ಕೇಳಿದ್ರು. ಐವತ್ತು ಕೊಟ್ಟೆ, ಮೂವತ್ತು ವಾಪಸ್ ಎಣಿಸಿ ಕೊಟ್ರು. ಆಮೇಲೆ ಕೇಳಿದ್ರು, "ಸಾರ್ ಏನ್ ಕೆಲಸ ಮಾಡ್ತೀರಿ?" ಸಾಫ್ಟ್‌ವೇರ್ ಅಂದೆ, ಇದು ಶನಿವಾರ ಭಾನುವಾರ ಸುಮ್ನೆ ಹವ್ಯಾಸಕ್ಕೆ ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನನ್ ಮಗ ಇದನ್ನ ಮುಟ್ಟಬಾರದು ಅಂತ ಕಷ್ಟಪಟ್ಟು ಓದಿಸ್ದೆ. ನೀವು ಓದ್ಬಿಟ್ಟು ಇಲ್ಲಿಗೆ ಬಂದಿದ್ದೀರಿ ನೋಡಿ" ಅಂತ ನಕ್ರು. ನಾನೂ ನಕ್ಕೆ. ಏನು ಹೇಳಬೇಕು ಅಂತ ತಿಳೀಲಿಲ್ಲ. ಮನೇಲಿ ನನ್ನ ಚರ್ಮದ ಸುರುಳಿಯನ್ನ ದೇವರ ಮನೆ ಗೋಡೆಯಿಂದ ದೂರ ಇಡು ಅಂತ ಅಜ್ಜಿ ಈಗಲೂ ಅಂತಾರೆ, ಆದರೆ ಬೆಂಗಳೂರಿನ ಹುಡುಗ ಮಾಡಿದ ಪರ್ಸು ಅಂತ ಬಂದವರಿಗೆಲ್ಲ ತೋರಿಸೋದೂ ಅವರೇ. ಆ ಮನುಷ್ಯ ಐವತ್ತು ವರ್ಷ ಇದೇ ಕೆಲಸ ಮಾಡಿದ್ದಾರೆ, ಅವರಿಗೆ ಯಾರೂ ಹವ್ಯಾಸ ಅಂದಿಲ್ಲ.

ಬೆಂಗಳೂರಿಗೆ ವಾಪಸ್ ಬಂದವನು ಹಟಕ್ಕೆ ಬಿದ್ದೆ. ಚಿಕ್ಕಪೇಟೆ ಸುತ್ತಿ ಬಟನ್ ತಂದೆ. ಜೇಬಲ್ಲಿ ಒಂದು ಅಯಸ್ಕಾಂತ ಇಟ್ಕೊಂಡು ಹೋಗಿದ್ದೆ, ಅಂಗಡಿಯವರು ವಿಚಿತ್ರವಾಗಿ ನೋಡಿದ್ರು. ಅಂಟಿದ್ರೆ ಒಳಗೆ ಕಬ್ಬಿಣ, ಮೇಲೆ ಬಣ್ಣದ ಲೇಪ ಅಷ್ಟೇ. ಬೆವರು, ಮಳೆ ಸೇರಿ ತುಕ್ಕು ಹಿಡಿಯುತ್ತೆ. ಅಂಟದೇ ಇದ್ರೆ ಹಿತ್ತಾಳೆ ಇರಬಹುದು. ಇನ್ನು ಸೈಜು. ಗುಂಡಿ ವ್ಯಾಪಾರದಲ್ಲಿ ಒಂದು ಇಂಚಿಗೆ 40 ಲೈನು. ಲೈನ್ 20 ಅಂದ್ರೆ 12.7 ಮಿಲಿಮೀಟರ್, ಲೈನ್ 24 ಅಂದ್ರೆ 15ರ ಮೇಲೆ ಚೂರು. ಒಂದಕ್ಕೆ ಮಾಡಿದ ಅಚ್ಚು ಇನ್ನೊಂದಕ್ಕೆ ಕೂರಲ್ಲ, ಕೂತ ಹಾಗೆ ಕಾಣುತ್ತೆ. ನನ್ನ ಕಿಟ್ಟಿನಲ್ಲಿ ಎರಡೂ ಬೆರೆತಿದ್ವು!

ಮೊದಲ ದಿನ ಚೂರು ಚರ್ಮದ ಮೇಲೆ ಮೂವತ್ತು ಬಟನ್ ಹಾಕಿದೆ. ಹೆಬ್ಬೆರಳ ಪರೀಕ್ಷೆಯಲ್ಲಿ ಪಾಸಾಗಿದ್ದು ಹನ್ನೊಂದು. ಊಟದ ಟೇಬಲ್ ಮೇಲೆ ಹೊಡೀತಿದ್ದೆ, ಹಲಗೆ ಪ್ರತಿ ಏಟಿಗೂ ಕುಣೀತಿತ್ತು. ಕೆಳಗಿಳಿದು ನೆಲದ ಮೇಲೆ ಒಂದು ಗ್ರಾನೈಟ್ ತುಂಡು ಇಟ್ಟು ಹೊಡೆದೆ, ಇಪ್ಪತ್ತರಲ್ಲಿ ಹದಿನಾರು ಸರಿಯಾದವು. ಟೋಪಿ ಚಪ್ಪಟೆ ಆಗದ ಹಾಗೆ ಕೆಳಗೆ ಗುಳಿ ಇರೋ ಅಚ್ಚು ಇಡಬೇಕು, ಮೇಲಿನ ಅಚ್ಚು ನೆಟ್ಟಗೆ ನಿಂತಿರಬೇಕು. ಒಂದು ಚೂರು ವಾಲಿದ್ರೂ ಹೂವು ಒಂದೇ ಕಡೆ ಅರಳುತ್ತೆ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದ್ದರಿಂದ ಪ್ರಯೋಗ ಅಲ್ಲಿಗೆ ನಿಂತಿತು.

ಈ ನಡುವೆ ಟಿಚ್ ಬಟನ್ನಿನ ಹಿಂದೆಮುಂದೆ ಒಂದಿಷ್ಟು ಓದಿದೆ. 1885ರಲ್ಲಿ ಜರ್ಮನಿಯ ಹೆರಿಬರ್ಟ್ ಬಾವರ್ ಇದಕ್ಕೆ ಪೇಟೆಂಟ್ ತಗೊಂಡ. ಮರುವರ್ಷವೇ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಆಲ್ಬರ್ಟ್ ಪಿಯರ್ ರೇಮಂಡ್ ಕೈಗವಸಿಗೆ ಅಂತ ಒಂದು ಮಾಡಿದ. ನನಗೆ ಇಷ್ಟವಾಗಿದ್ದು ಅಮೆರಿಕದ ಡೆನ್ವರಿನ ಜ್ಯಾಕ್ ವೈಲ್ ಅನ್ನೋ ಅಜ್ಜ. 1946ರಲ್ಲಿ ರಾಕ್‌ಮೌಂಟ್ ಅನ್ನೋ ಕಂಪನಿ ಶುರು ಮಾಡಿ ಕೌಬಾಯ್ ಅಂಗಿಗಳಿಗೆ ಟಿಚ್ ಬಟನ್ ಹಾಕಿದವರು, 2008ರಲ್ಲಿ 107 ವರ್ಷಕ್ಕೆ ತೀರಿಕೊಂಡ್ರು. ಕೌಬಾಯ್‌ಗಳಿಗೆ ಅದು ಯಾಕೆ ಅನುಕೂಲ ಅಂದ್ರೆ, ಅಂಗಿ ಜೀನಿಗೋ ಬೇಲಿಗೋ ಸಿಕ್ಕಿಕೊಂಡ್ರೆ ಬಟನ್ನು ತಾನಾಗೇ ಬಿಚ್ಚಿಕೊಂಡು ಮನುಷ್ಯ ಉಳೀಲಿ ಅಂತ. ಬಿಚ್ಚಿಕೊಳ್ಳೋದೇ ಅದರ ಗುಣ! ಅದನ್ನ ಓದಿದ ಮೇಲೆ, ಗುಂಡಿ ಬಿದ್ದ ರಸ್ತೆಯಲ್ಲಿ ಟಿವಿಎಸ್ ಓಡಿಸೋ ಅಪ್ಪನ ಸೊಂಟಕ್ಕೆ ಮೆತ್ತಗಿನ ಸ್ಪ್ರಿಂಗಿನ ಚಿಕ್ಕ ಬಟನ್ ಹಾಕಿ ಕೊಟ್ಟಿದ್ದೂ ನನ್ನ ತಪ್ಪೇ ಅನ್ನಿಸ್ತು. ಹೊಸದಕ್ಕೆ ಲೈನ್ 24, ಒಳಗೆ ಉಂಗುರದ ಸ್ಪ್ರಿಂಗ್. ಇದು ಬಿಗಿ ಜಾಸ್ತಿ. ಮುಚ್ಚಳಕ್ಕೆ ಎರಡು ಪದರ ಚರ್ಮ, ಕಾಲಿನ ಉದ್ದಕ್ಕೆ ಸರಿಯಾಗಿ. ಮುಚ್ಚಳದ ತುದಿ ಅರ್ಧ ಇಂಚು ಜಾಸ್ತಿ ಬಿಟ್ಟೆ, ತೆಗೆಯುವಾಗ ಬಟನ್ನಿನ ಪಕ್ಕದಲ್ಲೇ ಬೆರಳು ಹಾಕಿ ಎತ್ತೋಕೆ. ದೂರದಿಂದ ಜಗ್ಗಿದ್ರೆ ಚರ್ಮ ಹಿಗ್ಗಿ ತೂತು ದೊಡ್ಡದಾಗುತ್ತೆ.

ಐನೂರು ಸಲ ಹಾಕಿ ತೆಗೆದೆ. ಟೀಮ್ ಕಾಲ್‌ನಲ್ಲಿ ಮ್ಯೂಟ್ ಮಾಡಿ ಕೂತಾಗೆಲ್ಲ ಇದೇ ಕೆಲಸ. ಟಕ್, ಟಕ್, ಟಕ್. ಐನೂರಾದ ಮೇಲೂ ಟೋಪಿ ತಿರುಗಲಿಲ್ಲ.

ಸಂಕ್ರಾಂತಿಗೆ ತಗೊಂಡು ಹೋದೆ. ಅಪ್ಪ ಕಿವಿ ಹತ್ತಿರ ಹಿಡ್ಕೊಂಡು ಎರಡು ಸಲ ಟಕ್ ಟಕ್ ಅನ್ನಿಸಿ, "ಇದು ಗಟ್ಟಿ ಇದೆ" ಅಂದ್ರು. ಹಳೇ ಪೌಚಿಂದ ಒಂದೊಂದೇ ಸಾಮಾನು ಇದಕ್ಕೆ ಹಾಕಿದ್ರು. ಹೊಸ ಆರ್‌ಸಿ, ಸ್ವಲ್ಪ ನೋಟು, ಮಾತ್ರೆ. ಒಳಗಿನ ಚಿಕ್ಕ ಖಾನೆಗೆ, ಫೋಟೋ ಇಡ್ತಿದ್ದ ಜಾಗಕ್ಕೆ, ಏನೂ ಹಾಕಲಿಲ್ಲ. ಅಜ್ಜಿ ಕಟ್ಟೆ ಮೇಲೆ ಕೂತು ಅವರೆಕಾಯಿ ಬಿಡಿಸ್ತಾ ಇದ್ರು. "ನಿಮ್ಮಪ್ಪನ್ನ ಭದ್ರವಾಗಿ ಇಟ್ಕೊಂಡೇನೋ?" ಅಂದ್ರು, ತಲೆ ಎತ್ತದೆ.

"ಹ್ಞೂಂ ಅಮ್ಮ" ಅಂದ್ರು ಅಪ್ಪ.

ಸಂಜೆ ಅವರು ಟಿವಿಎಸ್ ತಗೊಂಡು ಪೇಟೆಗೆ ಹೊರಟಾಗ ಗೇಟಿನ ತನಕ ಹೋದೆ. ಹೊಸ ಪೌಚಿನ ಮೇಲೆ ರಬ್ಬರ್ ಬ್ಯಾಂಡ್ ಇತ್ತು. ಈ ಸಲ ಹಸಿರು.